ವಾನೆಗಟ್‌ನ 'ಸೋ ಇಟ್ ಗೋಸ್'ಗೆ ಕನ್ನಡದಲ್ಲಿ ಏನನ್ನಲಿ?

ಪುಟ_ಮಡಚಿದವಳು

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಚಿಕ್ಕದು. ಆದರೆ ಹತ್ತು ದಿನದಿಂದ ತಲೆ ತಿನ್ನುತ್ತಿದೆ.

ಮೈಸೂರಿನಲ್ಲಿ ನಾವು ಏಳೆಂಟು ಜನ ತಿಂಗಳಿಗೊಂದು ಭಾನುವಾರ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಚಕ್ಕುಲಿ ತಿನ್ನುತ್ತಾ ಕೇಳುವುದು. ಗುಂಪಿನಲ್ಲಿ ಇಬ್ಬರಿಗೆ ಇಂಗ್ಲಿಷ್ ಬರುವುದಿಲ್ಲ. ಅದರಲ್ಲಿ ಒಬ್ಬರು ನಮ್ಮ ಬೀದಿಯ ಅಜ್ಜಿ, 78 ವರ್ಷ, ಒಂದು ಭಾನುವಾರವೂ ತಪ್ಪಿಸಿದವರಲ್ಲ. ಹಾಗಾಗಿ ನಮ್ಮ ನಿಯಮ ಒಂದೇ. ಪುಸ್ತಕ ಯಾವ ಭಾಷೆಯದಾದರೂ ಇರಲಿ, ಓದುವುದು ಕನ್ನಡದಲ್ಲಿ. ಈ ಸಲ ನನ್ನ ಸರದಿ. ಹಿಂದೆಮುಂದೆ ನೋಡದೆ ಅಮೆರಿಕದ ಕಾದಂಬರಿಕಾರ ಕರ್ಟ್ ವಾನೆಗಟ್‌ನ 'ಸ್ಲಾಟರ್‌ಹೌಸ್ ಫೈವ್' ಮೊದಲ ಅಧ್ಯಾಯ ಒಪ್ಪಿಕೊಂಡುಬಿಟ್ಟೆ.

ನಾನು ಅನುವಾದಕಿ ಅಲ್ಲ. ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮಧ್ಯಾಹ್ನ ಡಬ್ಬಿ ಮುಗಿಸಿ ಸಿಗುವ ಅರ್ಧ ಗಂಟೆಯಲ್ಲಿ, ಹಳೇ ಬಿಲ್ ಪುಸ್ತಕದ ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದುಕೊಂಡು ಹೋಗುತ್ತಿದ್ದೆ. ಸಲೀಸಾಗಿಯೇ ಹೋಯಿತು. ಅವನ ವಾಕ್ಯಗಳು ಚಿಕ್ಕವು, ಮಾತಾಡಿದ ಹಾಗೇ ಇರುತ್ತವೆ. ಮೇರಿ ಓಹೇರ್ ಬರುವ ಜಾಗ ಅಂತೂ ನಮ್ಮ ಚಿಕ್ಕಮ್ಮನ ಅಡುಗೆಮನೆಯಲ್ಲೇ ನಡೆದಂತಿತ್ತು. ಯುದ್ಧದ ಗೆಳೆಯನ ಮನೆಗೆ ವಾನೆಗಟ್ ಬಾಟಲಿ ಹಿಡಿದು ಹೋಗಿದ್ದಾನೆ. ಹಳೇ ನೆನಪು ಕೆದಕೋಣ, ಪುಸ್ತಕ ಬರೆಯೋಣ ಎಂದು. ಗೆಳೆಯನ ಹೆಂಡತಿಗೆ ಸಿಟ್ಟು. ಬಾಯಿ ಬಿಟ್ಟು ಹೇಳುವುದಿಲ್ಲ, ಐಸ್ ಟ್ರೇಯನ್ನು ಸಿಂಕಿಗೆ ಕುಕ್ಕುತ್ತಾಳೆ. ಬಾಗಿಲು ಬಡಿಯುತ್ತಾಳೆ. ಕೊನೆಗೆ ತಡೆಯಲಾಗದೆ ಹೇಳಿಯೇ ಬಿಡುತ್ತಾಳೆ: ಆಗ ನೀವು ಬರೀ ಮಕ್ಕಳು, ಈಗ ನೀನು ಗಂಡಸರ ಕಥೆ ಮಾಡಿ ಬರೀತೀಯ, ಸಿನಿಮಾದಲ್ಲಿ ಜಾನ್ ವೇಯ್ನ್ ಬರ್ತಾನೆ, ಯುದ್ಧ ಚೆಂದ ಕಾಣುತ್ತೆ, ಆಮೇಲೆ ನಮ್ಮ ಮಕ್ಕಳು ಹೋಗಿ ಸಾಯ್ತಾರೆ. ಜಾನ್ ವೇಯ್ನ್‌ಗೆ ಪಾರ್ಟ್ ಇರದ ಹಾಗೆ ಬರೆಯುತ್ತೇನೆ ಎಂದು ಇವನು ಅವಳಿಗೆ ಮಾತು ಕೊಡುತ್ತಾನೆ. ಪುಸ್ತಕ ಅರ್ಪಿಸಿದ್ದೂ ಅವಳಿಗೇ. ಅವಳ ಜೊತೆ ಇನ್ನೊಬ್ಬನಿಗೂ, ಜರ್ಮನಿಯ ಡ್ರೆಸ್ಡೆನ್‌ನ ಟ್ಯಾಕ್ಸಿ ಡ್ರೈವರ್ ಗೆರ್ಹಾರ್ಡ್ ಮ್ಯೂಲರ್‌ಗೆ.

ನನ್ನ ಗಾಡಿ ನಿಂತಿದ್ದು ಆ ಡ್ರೈವರ್ ಹತ್ತಿರವೇ. ಅವನ ತಾಯಿ ಎರಡನೇ ಮಹಾಯುದ್ಧದ ಬಾಂಬು ದಾಳಿಯಲ್ಲಿ ಎದ್ದ ಡ್ರೆಸ್ಡೆನ್ ಬೆಂಕಿಯಲ್ಲಿ ಸುಟ್ಟು ಬೂದಿಯಾದಳು ಎಂದು ಒಂದು ಸಾಲು. ಅದರ ಹಿಂದೆಯೇ ಮೂರು ಪದ, 'ಸೋ ಇಟ್ ಗೋಸ್'. ಪುಸ್ತಕದಲ್ಲಿ ಎಲ್ಲಿ ಸಾವು ಬಂದರೂ ಇದು ಬರುತ್ತದೆ. ಒಟ್ಟು 106 ಸಲವಂತೆ.

'ಹೀಗೇ ಸಾಗುತ್ತದೆ' ಎಂದು ಬರೆದೆ. ಸಿನಿಮಾ ಹಾಡಿನ ಹಾಗೆ ಕೇಳಿಸಿತು. 'ವಿಧಿಯಾಟ' ಅಂದರೆ ಹರಿಕಥೆ. 'ಏನು ಮಾಡೋಕಾಗುತ್ತೆ' ಅಂದರೆ ಸಾವಿನ ಮನೆಗೆ ಬಂದ ನೆಂಟರು, ಕಾಫಿ ಲೋಟ ಕೆಳಗಿಡುತ್ತಾ ಹೇಳುವ ಮಾತು. 'ಅಷ್ಟೇ' ಅಂತಲೂ ನೋಡಿದೆ. ಬಿಲ್ ಕ್ಲೋಸ್ ಮಾಡಿದ ಹಾಗಾಯಿತು. ರಬ್ಬರ್ ಹಾಕಿ ಹಾಕಿ ಕಾಗದ ತೂತು ಬಿದ್ದಿದೆ.

ನಿಮಗೇನು ಹೊಳೆಯುತ್ತೆ? ಇನ್ನೊಂದು, ಓದುವ ಮುಂಚೆ ಈ ಮನುಷ್ಯನ ಬಗ್ಗೆ ಐದು ನಿಮಿಷ ಹೇಳಬೇಕು. ಹುಟ್ಟಿದ್ದು, ಸತ್ತಿದ್ದು, ಪ್ರಶಸ್ತಿ ಬಂದಿದ್ದು ಎಲ್ಲಾ ಕಡೆ ಸಿಗುತ್ತೆ. ಅಜ್ಜಿ ಚಕ್ಕುಲಿ ಕೆಳಗಿಟ್ಟು ಕೇಳುವಂಥದ್ದು ಏನಾದರೂ ಗೊತ್ತಿದ್ದರೆ ಹೇಳಿ.

ಖಾರಾ_ಮಂಡಕ್ಕಿ

ನನ್ನ ಅಭಿಪ್ರಾಯ ಕೇಳಿದರೆ, ಬೇರೆ ಪುಸ್ತಕ ಆರಿಸಿಕೊಳ್ಳಿ. ನಾನು ಎರಡು ಸಲ ಶುರು ಮಾಡಿ ಎರಡು ಸಲವೂ ಬಿಟ್ಟೆ. ಯುದ್ಧದ ಕಥೆ ಅಂತಾರೆ, ಅಷ್ಟರಲ್ಲಿ ಹಾರುವ ತಟ್ಟೆ ಬರುತ್ತೆ, ಟ್ರಾಲ್ಫಮಡೋರ್ ಅನ್ನೋ ಗ್ರಹ ಬರುತ್ತೆ, ಹೀರೋನ ಅಲ್ಲಿ ಮೃಗಾಲಯದಲ್ಲಿ ಇಡ್ತಾರೆ. ಅಷ್ಟು ದೊಡ್ಡ ಸಂಕಟ ಕಂಡವನು ನೇರವಾಗಿ ಹೇಳಬಹುದಿತ್ತಲ್ಲ? ನಕ್ಕು ತಪ್ಪಿಸಿಕೊಂಡ ಹಾಗಿದೆ ನನಗೆ.

ಇನ್ನು ಡ್ರೆಸ್ಡೆನ್‌ನಲ್ಲಿ 1,35,000 ಜನ ಸತ್ತರು ಅಂತ ಪುಸ್ತಕದಲ್ಲಿದೆ. ಆ ಲೆಕ್ಕವೇ ತಪ್ಪು. ಆ ಊರಿನವರೇ ನೇಮಿಸಿದ ಇತಿಹಾಸಕಾರರ ಸಮಿತಿ 2010ರಲ್ಲಿ ಕೊಟ್ಟ ವರದಿ ಪ್ರಕಾರ ಹೆಚ್ಚೆಂದರೆ 25,000. ಇದನ್ನಾದರೂ ಅಜ್ಜಿಗೆ ಹೇಳಿ.

ದಾವಣಗೆರೆ_ಮೇಷ್ಟ್ರು

ನೋಡು ತಂಗಿ (ಮೇಡಂ ಅಂದರೆ ನನಗೆ ಸ್ಟಾಫ್ ರೂಮ್ ನೆನಪಾಗುತ್ತದೆ, ಅದಕ್ಕೆ ತಂಗಿ ಅಂತೀನಿ), ನಾನು 34 ವರ್ಷ ಪಿಯುಸಿ ಹುಡುಗರಿಗೆ ಕೆಮಿಸ್ಟ್ರಿ ಹೇಳಿದವನು. ಸಾಹಿತ್ಯ ನನ್ನ ವಿಷಯ ಅಲ್ಲ. ಆದರೆ ವಾನೆಗಟ್ ಕೂಡ ಕೆಮಿಸ್ಟ್ರಿಗೆ ಸೇರಿದವನೇ, ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ. ಮನೆಯವರ ಒತ್ತಾಯ. ಏನಾದರೂ ಉಪಯೋಗಕ್ಕೆ ಬರುವುದನ್ನು ಓದು ಅಂದರು. ಇವನು ಲ್ಯಾಬಿಗಿಂತ ಕಾಲೇಜು ಪತ್ರಿಕೆಯ ಆಫೀಸಿನಲ್ಲೇ ಜಾಸ್ತಿ ಇರುತ್ತಿದ್ದ. ಇಂಥ ಹುಡುಗರು ನನ್ನ ಕ್ಲಾಸಿನಲ್ಲೂ ವರ್ಷಕ್ಕೆ ಇಬ್ಬರು ಇದ್ದೇ ಇರುತ್ತಿದ್ದರು. ನಾನು ಅವನು ಇವನು ಅಂತ ಬರೆದರೆ ಬೇಜಾರಾಗಬೇಡಿ. 1980ರ ದಶಕದಲ್ಲಿ ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಅವನ ಪುಸ್ತಕ ಹನ್ನೆರಡು ರೂಪಾಯಿಗೆ ಸಿಕ್ಕಿತು. ಅವತ್ತಿನಿಂದ ಬಂದ ಸಲಿಗೆ ಅದು.

ಮೊದಲು ಆ ಐದು ನಿಮಿಷ. 1922ರ ನವೆಂಬರ್ 11, ಇಂಡಿಯಾನಾಪೊಲಿಸ್. ಜರ್ಮನಿಯಿಂದ ಬಂದು ನೆಲೆಸಿದ ಮನೆತನ. ತಾತ, ಅಪ್ಪ ಇಬ್ಬರೂ ಆರ್ಕಿಟೆಕ್ಟ್. 1929ರಲ್ಲಿ ಷೇರುಪೇಟೆ ಬಿತ್ತು, ಕಟ್ಟಡ ಕಟ್ಟಿಸುವವರೇ ಇಲ್ಲವಾದರು, ದೊಡ್ಡ ಮನೆ ಹೋಯಿತು. ತಾಯಿ ಆ ಪೆಟ್ಟಿನಿಂದ ಮೇಲೇಳಲೇ ಇಲ್ಲ. 1944ರ ಮೇ, ಅಮೆರಿಕದಲ್ಲಿ ಅಮ್ಮಂದಿರ ದಿನ ಮಾಡುತ್ತಾರಲ್ಲ, ಆ ಸಮಯಕ್ಕೆ ಇವನು ಸೈನ್ಯದಿಂದ ರಜೆ ಪಡೆದು ಮನೆಗೆ ಬಂದಿದ್ದ. ತಾಯಿ ನಿದ್ದೆ ಮಾತ್ರೆ ನುಂಗಿ ಹೋಗಿಬಿಟ್ಟಿದ್ದಳು. ಅದಾದ ಏಳು ತಿಂಗಳಿಗೆ, ಡಿಸೆಂಬರ್ ಹಿಮದಲ್ಲಿ, ಜರ್ಮನ್ನರ ಕೈಗೆ ಸೆರೆ ಸಿಕ್ಕ. ತಾತ ಮುತ್ತಾತರ ಭಾಷೆಯ ಸೈನಿಕರು ಇವನನ್ನು ಡ್ರೆಸ್ಡೆನ್‌ಗೆ ಸಾಗಿಸಿ ಕಸಾಯಿಖಾನೆ ನಂಬರ್ ಐದರಲ್ಲಿ ಇಟ್ಟರು. 1945ರ ಫೆಬ್ರವರಿ 13ರ ರಾತ್ರಿ ಬಾಂಬು ಬಿದ್ದಿದ್ದು ಇವನ ಕಡೆಯವರದ್ದೇ. ನೆಲದ ಕೆಳಗೆ ಮಾಂಸ ಇಡುವ ತಣ್ಣನೆ ಕೋಣೆಯಲ್ಲಿ ಕೂತಿದ್ದವರು ಉಳಿದರು. ಮೇಲೆ ಬಂದರೆ ಊರು ಇರಲಿಲ್ಲ. ಆಮೇಲೆ ವಾರಗಟ್ಟಲೆ ಕೈದಿಗಳಿಗೆ ಒಂದೇ ಕೆಲಸ, ನೆಲಮಾಳಿಗೆ ಅಗೆದು ಹೆಣ ತೆಗೆಯುವುದು. ಆಗ ವಯಸ್ಸು 22.

ಪುಸ್ತಕ ಬಂದಿದ್ದು 1969ರಲ್ಲಿ. ಲೆಕ್ಕ ಹಾಕು, 24 ವರ್ಷ. ಖಾರಾ ಮಂಡಕ್ಕಿಯವರು ನೇರವಾಗಿ ಹೇಳಬಹುದಿತ್ತು ಅಂದರಲ್ಲ, ಆ 24 ವರ್ಷ ಅವನು ಮಾಡಿದ್ದು ಅದನ್ನೇ. ನೇರವಾಗಿ ಬರೆಯಲು ಕೂರುವುದು, ಹರಿದು ಹಾಕುವುದು.

ಆ ಮಧ್ಯದ ವರ್ಷಗಳೇ ನನಗೆ ಇಷ್ಟ. ಅಜ್ಜಿ ಚಕ್ಕುಲಿ ಕೆಳಗಿಡುವುದೂ ಇಲ್ಲೇ, ನೋಡು.

ಯುದ್ಧ ಮುಗಿದ ಮೇಲೆ ಷಿಕಾಗೊದಲ್ಲಿ ಮಾನವಶಾಸ್ತ್ರ ಓದಿದ. ಪ್ರಬಂಧ ತಿರಸ್ಕಾರವಾಯಿತು. (1971ರಲ್ಲಿ, ಹೆಸರು ಬಂದ ಮೇಲೆ, ಅದೇ ವಿಶ್ವವಿದ್ಯಾಲಯ ಅವನ ಒಂದು ಕಾದಂಬರಿಯನ್ನೇ ಪ್ರಬಂಧ ಅಂತ ತೆಗೆದುಕೊಂಡು ಎಂ.ಎ. ಕೊಟ್ಟಿತು. ಇದನ್ನು ಕೇಳಿ ನನ್ನ ಸಹೋದ್ಯೋಗಿ ಒಬ್ಬರು ಬಿದ್ದು ಬಿದ್ದು ನಕ್ಕಿದ್ದರು. ಅವರ ಪಿಎಚ್‌.ಡಿ. ಹನ್ನೊಂದು ವರ್ಷ ಎಳೆದಿತ್ತು.) ಹೊಟ್ಟೆಪಾಡಿಗೆ ಸ್ಕೆನೆಕ್ಟಡಿ ಊರಿನ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಪ್ರಚಾರದ ಕೆಲಸಕ್ಕೆ ಸೇರಿದ. ವಿಜ್ಞಾನಿಗಳು ಏನು ಕಂಡುಹಿಡಿದರು ಅಂತ ಪೇಪರಿನವರಿಗೆ ಬರೆದು ಕಳಿಸುವುದು. ಅದೇ ಲ್ಯಾಬಿನಲ್ಲಿ ಅವನ ಸ್ವಂತ ಅಣ್ಣ ಬರ್ನಾರ್ಡ್ ವಾನೆಗಟ್ ವಿಜ್ಞಾನಿ.

ಈ ಅಣ್ಣ ಯಾರು ಗೊತ್ತಾ? 2003ರಲ್ಲಿ ನಮ್ಮ ಸರ್ಕಾರ 'ವರುಣ' ಅಂತ ಮೋಡಬಿತ್ತನೆ ಮಾಡಿತಲ್ಲ, ಮತ್ತೆ 2017ರಲ್ಲಿ 'ವರ್ಷಧಾರೆ' ಅಂತ, ಆ ವಿದ್ಯೆಯ ಮೂಲಪುರುಷರಲ್ಲಿ ಒಬ್ಬ. 1946ರಲ್ಲಿ ಅವನ ಸಹೋದ್ಯೋಗಿಯೊಬ್ಬ ಡ್ರೈ ಐಸ್ ಹಾಕಿ ಮೋಡದಲ್ಲಿ ಹಿಮ ಹುಟ್ಟಿಸಿ ತೋರಿಸಿದ. ಬರ್ನಾರ್ಡ್ ಬೇರೆ ದಾರಿ ಹಿಡಿದ. ಹರಳುಗಳ ಅಳತೆಯ ಪಟ್ಟಿ ತೆಗೆದು, ಮಂಜುಗಡ್ಡೆಯ ಹರಳಿಗೆ ಹತ್ತಿರ ಹೋಲುವ ವಸ್ತು ಯಾವುದು ಅಂತ ಹುಡುಕಿದ. ಸಿಕ್ಕಿದ್ದು ಸಿಲ್ವರ್ ಅಯೊಡೈಡ್. ಮೊದಲ ಸಲ ಕೈಗೆ ಬಂದ ಪುಡಿ ಶುದ್ಧವಾಗಿರಲಿಲ್ಲ, ಕೆಲಸ ಮಾಡಲಿಲ್ಲ. ಶುದ್ಧವಾದದ್ದು ತಂದು ಹಾಕಿದ, ಆಯಿತು. ಸೊನ್ನೆಗಿಂತ ಕೆಳಗೆ ಹೋದರೂ ಹೆಪ್ಪುಗಟ್ಟದ ನೀರಿನ ಹನಿ ಮೋಡದಲ್ಲಿ ಇರುತ್ತದೆ. ಈ ಹರಳನ್ನು ಕಂಡು, ಇದು ನಮ್ಮದೇ ಪೈಕಿ ಅಂತ ಮೋಸ ಹೋಗಿ ಅದರ ಮೇಲೆ ಹೆಪ್ಪುಗಟ್ಟುತ್ತದೆ. 2003ರಲ್ಲಿ ಪೇಪರಲ್ಲಿ ಸುದ್ದಿ ಬಂದಾಗ ಹುಡುಗರು ಕೇಳಿದರು ಅಂತ ಇದನ್ನೇ ಬೋರ್ಡಿನ ಮೇಲೆ ಬರೆದೆ. ಕೊನೆಗೆ, ಇವನ ತಮ್ಮ ಕಾದಂಬರಿ ಬರೆಯುತ್ತಾನೆ ಅಂದೆ. ಯಾರೂ ನೋಟ್ಸಿನಲ್ಲಿ ಬರೆದುಕೊಳ್ಳಲಿಲ್ಲ.

ತಮ್ಮ ಇದನ್ನೆಲ್ಲಾ ನೋಡುತ್ತಾ ಕೂತಿದ್ದ. ಅದೇ ಲ್ಯಾಬಿನಲ್ಲಿ ನೊಬೆಲ್ ಪಡೆದ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಇದ್ದ. ಅವನನ್ನೇ ನೋಡಿಕೊಂಡು 'ಕ್ಯಾಟ್ಸ್ ಕ್ರೇಡಲ್' (1963) ಕಾದಂಬರಿಗೆ ಒಬ್ಬ ವಿಜ್ಞಾನಿಯನ್ನು ಮಾಡಿದ. ಕೆಟ್ಟವನಲ್ಲ, ಯಾವುದರ ಮೇಲೂ ಗಮನ ಇಲ್ಲದವನು. ಕೆಸರಲ್ಲಿ ಸೈನಿಕರ ಕಾಲು ಹೂತುಹೋಗುತ್ತೆ, ಏನಾದರೂ ಮಾಡಿ ಅಂತ ಒಬ್ಬ ಜನರಲ್ ಕೇಳುತ್ತಾನೆ. ವಿಜ್ಞಾನಿ 'ಐಸ್-ನೈನ್' ಮಾಡುತ್ತಾನೆ. ಅದರ ಒಂದು ಚೂರು ಮುಟ್ಟಿದರೆ ಸಾಕು, ಬೆಚ್ಚಗಿರುವ ನೀರೂ ಗಡ್ಡೆ ಕಟ್ಟುತ್ತದೆ. ಕರಗಬೇಕಾದರೆ 45.8 ಡಿಗ್ರಿ ಬೇಕು, ಅಂದರೆ ರಾಯಚೂರಿನ ಮೇ ತಿಂಗಳಿಗೂ ಕರಗುವುದು ಕಷ್ಟ. ಕೆಸರಿಂದ ಹಳ್ಳ, ಹಳ್ಳದಿಂದ ಹೊಳೆ, ಹೊಳೆಯಿಂದ ಸಮುದ್ರ, ಮಳೆ ಕೂಡ. ಹರಳು ಹರಳನ್ನು ಹುಟ್ಟಿಸುತ್ತದೆ ಎಂಬ ಅಣ್ಣನ ವಿದ್ಯೆಯನ್ನು ತಮ್ಮ ತಿರುಗಿಸಿ ಹಿಡಿದ. ಮಳೆ ತರಿಸುವವನ ತಮ್ಮ ಜಗತ್ತಿನ ನೀರನ್ನೇ ನಿಲ್ಲಿಸಿದ. ಕೆಮಿಸ್ಟ್ರಿ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆ ವ್ಯಂಗ್ಯ ಎಲ್ಲಿ ಸಿಗುತ್ತೆ?

ಇನ್ನು ನಿಮ್ಮ ಊರಿಗೆ ಸಂಬಂಧಪಟ್ಟಂಥ ಒಂದು. ಕಥೆಯೊಂದಕ್ಕೆ 750 ಡಾಲರ್ ಬಂತು ಅಂತ ಧೈರ್ಯ ಬಂದು, ಕೆಲಸ ಬಿಟ್ಟು ಕಡಲತೀರದ ಕೇಪ್ ಕಾಡ್ ಸೇರಿದ. ಬರೆದಿದ್ದರಲ್ಲಿ ಸಂಸಾರ ನಡೆಯಲಿಲ್ಲ. ಸ್ವೀಡನ್ನಿನ ಸಾಬ್ ಕಾರಿನ ಡೀಲರ್‌ಷಿಪ್ ತೆಗೆದುಕೊಂಡ. ಆಗಿನ ಸಾಬ್ ಟೂ ಸ್ಟ್ರೋಕ್ ಕಾರು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು, ಹೊಗೆ ಬಿಟ್ಟುಕೊಂಡು ಹೋಗುತ್ತದೆ. ನಿಮ್ಮ ಮೈಸೂರಿನ ಜಾವಾ ಬೈಕ್ ಓಡಿಸಿದ ಯಾರನ್ನಾದರೂ ಕೇಳಿ, ಗೊತ್ತಾಗುತ್ತದೆ. ಅಂಗಡಿ ಮುಚ್ಚಿತು. ಸಾಬ್ ಕಾರನ್ನು ಬೈದುಕೊಂಡು ಓಡಾಡಿದ್ದಕ್ಕೇ ಸ್ವೀಡನ್‌ನವರು ನನಗೆ ನೊಬೆಲ್ ಕೊಡಲಿಲ್ಲ ಅಂತ ಮುಪ್ಪಿನಲ್ಲಿ ತಮಾಷೆ ಮಾಡುತ್ತಿದ್ದ.

1958ರಲ್ಲಿ ಅಕ್ಕ ಆಲಿಸ್ ಕ್ಯಾನ್ಸರ್‌ನಿಂದ ಆಸ್ಪತ್ರೆಯಲ್ಲಿದ್ದಳು. ಅವಳ ಗಂಡ ಕೂತಿದ್ದ ರೈಲು ತೆರೆದಿದ್ದ ಸೇತುವೆಯಿಂದ ನ್ಯೂಯಾರ್ಕ್ ಹತ್ತಿರದ ಕೊಲ್ಲಿಗೆ ಬಿತ್ತು. ಒಂದೆರಡು ದಿನದಲ್ಲಿ ಅವಳೂ ಹೋದಳು. ನಾಲ್ಕು ಗಂಡುಮಕ್ಕಳು. ಅದರಲ್ಲಿ ಮೂವರನ್ನು ವಾನೆಗಟ್ ಮನೆಗೆ ಕರೆತಂದ. ತನ್ನ ಮೂರು, ಅವಳ ಮೂರು. ಕಾರು ಮಾರಲಾಗದವನ ಮನೆಯಲ್ಲಿ ಆರು ಮಕ್ಕಳು. ನಾನು ಯಾವತ್ತೂ ಅವಳೊಬ್ಬಳಿಗೇ ಬರೆದದ್ದು ಅಂತ ಆಮೇಲೆ ಹೇಳಿದ್ದಾನೆ. ಇದನ್ನು ತಿಳಿದ ಮೇಲೆ ಅವನ ಜೋಕು ನನಗೆ ಬೇರೆ ಥರ ಕೇಳಿಸುತ್ತದೆ. ನಗಿಸಲು ಮಾಡಿದ್ದು ನಿಜ, ಆದರೆ ಅಕ್ಕನ ಎದುರು ಕೂತು ಮಾಡಿದ ಜೋಕು.

ಮಾರ್ಕ್ಸ್ ವಿಷಯ ಬಿಟ್ಟರೆ ನಾನು ಮೇಷ್ಟ್ರೇ ಅಲ್ಲ. 1981ರಲ್ಲಿ ತನ್ನ ಪುಸ್ತಕಗಳಿಗೆ ತಾನೇ ಗ್ರೇಡ್ ಹಾಕಿಕೊಂಡ. 'ಕ್ಯಾಟ್ಸ್ ಕ್ರೇಡಲ್'ಗೂ 'ಸ್ಲಾಟರ್‌ಹೌಸ್ ಫೈವ್'ಗೂ ಎ ಪ್ಲಸ್. 'ಮದರ್ ನೈಟ್'ಗೆ ಎ. 'ಪ್ಲೇಯರ್ ಪಿಯಾನೊ'ಗೆ ಬಿ. 'ಬ್ರೇಕ್‌ಫಾಸ್ಟ್ ಆಫ್ ಚಾಂಪಿಯನ್ಸ್'ಗೆ ಸಿ. 'ಸ್ಲ್ಯಾಪ್‌ಸ್ಟಿಕ್'ಗೆ ಡಿ. ನಾನಾಗಿದ್ದರೆ 'ಮದರ್ ನೈಟ್'ಗೂ ಎ ಪ್ಲಸ್ ಹಾಕುತ್ತಿದ್ದೆ. ಉಳಿದದ್ದಕ್ಕೆ ತಕರಾರಿಲ್ಲ.

ಈಗ ನಿನ್ನ ಮೂರು ಪದ. ವಿಧಿ, ಹಣೆಬರಹ, ಕರ್ಮ, ಋಣ ತೀರಿತು, ಇವು ಯಾವುವೂ ಬೇಡ. ನಮ್ಮಲ್ಲಿ ಸಾವಿಗೆ ಎಷ್ಟು ಮಾತಿದೆಯೋ ಅಷ್ಟರಲ್ಲೂ ಹಿಂದೆ ಯಾರೋ ಒಬ್ಬರು ಕೂತು ಲೆಕ್ಕ ಇಟ್ಟಿರುತ್ತಾರೆ. ಅವನ ಮಾತಿನಲ್ಲಿ ಲೆಕ್ಕ ಇಡುವವರು ಇಲ್ಲ. ಸಮಾಧಾನವೂ ಇಲ್ಲ. ಇನ್ನೊಂದು ಪರೀಕ್ಷೆ ಇದೆ. ಮುಂದೆ ನಾಲ್ಕನೇ ಅಧ್ಯಾಯದಲ್ಲಿ ಕೈದಿಗಳ ಬಟ್ಟೆಯ ಹೇನು, ಚಿಗಟ ಕೋಟಿಗಟ್ಟಲೆ ಸಾಯುತ್ತವೆ, ಅಲ್ಲೂ ಇದೇ ಮಾತು. ಒಂದು ಷಾಂಪೇನ್ ಬಾಟಲಿ ತೆಗೆದರೆ ನೊರೆಯೇ ಇಲ್ಲ, ಷಾಂಪೇನ್ ಸತ್ತಿದೆ ಅನ್ನುತ್ತಾನೆ, ಅಲ್ಲೂ ಇದೇ. ಡ್ರೈವರ್‌ನ ತಾಯಿಗೂ ಹೇನಿಗೂ ಷಾಂಪೇನ್‌ಗೂ ಹೊಂದುವ ಮಾತು ಬೇಕು. ಹೇನಿಗೆ 'ವಿಧಿಯಾಟ' ಅಂದು ನೋಡು.

ನಮ್ಮವ್ವ ಹೊನ್ನಾಳಿ ಕಡೆಯವಳು. ಏನೇ ಆಗಲಿ ಒಂದೇ ಮಾತು ಅವಳದು. ಪಕ್ಕದ ಮನೆ ಗೌಡ್ರು ಹೋದರು ಅಂದರೆ 'ಹೂಂ, ಅದೂ ಆತು'. ಎಮ್ಮೆ ಕರು ಉಳಿಯಲಿಲ್ಲ, 'ಅದೂ ಆತು'. ಹಾಲು ಒಡೆಯಿತು, 'ಅದೂ ಆತು'. ನನ್ನ ತಮ್ಮ ಹನ್ನೆರಡು ವರ್ಷದವನಿದ್ದಾಗ ಜ್ವರದಲ್ಲಿ ಹೋದ. ಮಣ್ಣು ಮಾಡಿ ಬಂದ ಸಂಜೆ ಒಲೆ ಮುಂದೆ ಕೂತು ಅವಳು ಅಂದದ್ದೂ ಅದೇ, ಅದೇ ದನಿಯಲ್ಲಿ. ಕಲ್ಲು ಮನಸ್ಸು ಅಂತ ನೆಂಟರು ಆಡಿಕೊಂಡರು. ಅವಳಿಗೆ ಬೇರೆ ಮಾತು ಸಾಲುತ್ತಿರಲಿಲ್ಲ, ಅಷ್ಟೇ.

'ಅದೂ ಆಯ್ತು' ಅಂತ ಹಾಕಿ ನೋಡು. ಆ 'ಊ' ಇದೆಯಲ್ಲ, ಅದು ಮುಖ್ಯ. ಹಿಂದೆ ಆದದ್ದರ ಪಕ್ಕಕ್ಕೆ ಇದನ್ನೂ ತಂದು ಇಡುತ್ತದೆ.

ಇಂಡಿಯಾನಾ_ಅಕ್ಕ

ಮೇಷ್ಟ್ರೇ, ಎಷ್ಟು ಚೆನ್ನಾಗಿ ಹೇಳಿದಿರಿ. ನಾನು ಹುಬ್ಬಳ್ಳಿಯವಳು, ಇಂಡಿಯಾನಾಪೊಲಿಸ್ ಪಕ್ಕದಲ್ಲಿ 14 ವರ್ಷದಿಂದ ಇದ್ದೇನೆ. ಇಲ್ಲಿ ಮ್ಯಾಸಚೂಸೆಟ್ಸ್ ಅವೆನ್ಯೂ ಅನ್ನೋ ರಸ್ತೆಯಲ್ಲಿ ಒಂದು ಕಟ್ಟಡದ ಗೋಡೆ ತುಂಬಾ ಅವನ ಚಿತ್ರ ಇದೆ, ಗುಂಗುರು ಕೂದಲು, ದಪ್ಪ ಮೀಸೆ. ನನ್ನ ಮಗ ಚಿಕ್ಕವನಿದ್ದಾಗ ಅದನ್ನು ಐನ್‌ಸ್ಟೈನ್ ಅಂದುಕೊಂಡಿದ್ದ. ಇಂಡಿಯಾನಾ ಅವೆನ್ಯೂದಲ್ಲಿ ಅವನ ಹೆಸರಿನ ಮ್ಯೂಸಿಯಂ, ಲೈಬ್ರರಿ ಎರಡೂ ಇವೆ. ಅವನ ಟೈಪ್‌ರೈಟರ್ ಇಟ್ಟಿದ್ದಾರೆ. ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುವ ಪರ್ಪಲ್ ಹಾರ್ಟ್ ಪದಕ ಇದೆ. ಪಾಲ್ ಮಾಲ್ ಸಿಗರೇಟಿನ ಪ್ಯಾಕೂ ಇದೆ. ಈ ಕಂಪನಿ ನನ್ನನ್ನು ಕೊಲ್ಲುತ್ತೇನೆ ಅಂತ ಪ್ಯಾಕಿನ ಮೇಲೆ ಮಾತು ಕೊಟ್ಟಿತ್ತು, ಎಂಬತ್ತು ದಾಟಿದರೂ ಕೊಂದಿಲ್ಲ, ಕೇಸು ಹಾಕುತ್ತೇನೆ ಅನ್ನುತ್ತಿದ್ದ. ಕೊನೆಗೆ ಸಿಗರೇಟು ಅಲ್ಲ, ಮನೆಯಲ್ಲಿ ಬಿದ್ದು ತಲೆಗೆ ಪೆಟ್ಟಾಗಿ 2007ರ ಏಪ್ರಿಲ್ 11ಕ್ಕೆ ಹೋದ. 84 ವರ್ಷ.

ಇನ್ನೊಂದು ಸಂಗತಿ ಐದು ನಿಮಿಷಕ್ಕೆ ಸೇರಿಸಿ. 1973ರಲ್ಲಿ ನಾರ್ತ್ ಡಕೋಟಾದ ಡ್ರೇಕ್ ಎಂಬ ಸಣ್ಣ ಊರಿನ ಶಾಲೆಯಲ್ಲಿ ಈ ಪುಸ್ತಕದ 32 ಪ್ರತಿಗಳನ್ನು ಶಾಲೆಯ ಬಾಯ್ಲರ್ ಒಲೆಗೆ ಹಾಕಿ ಸುಟ್ಟರು. ಬೈಗುಳ ಇದೆ ಅಂತ. ಪಾಠ ಮಾಡಿದ ಮೇಷ್ಟ್ರು ಚಿಕ್ಕ ವಯಸ್ಸಿನವರು. ಬೆಂಕಿಯಲ್ಲಿ ಸುಟ್ಟ ಊರಿನ ಪುಸ್ತಕವನ್ನು ಮತ್ತೆ ಬೆಂಕಿಗೇ ಹಾಕಿದರು ನೋಡಿ. ಆಡಳಿತ ಮಂಡಳಿಯ ಅಧ್ಯಕ್ಷರಿಗೆ ವಾನೆಗಟ್ ಒಂದು ಕಾಗದ ಬರೆದ. ಅದರಲ್ಲಿ ಜೋಕೇ ಇಲ್ಲ. ನಾನೂ ನಿಮ್ಮ ಥರದ ಮನುಷ್ಯ, ಮಕ್ಕಳನ್ನು ಸಾಕಿದವನು, ಯುದ್ಧ ಮಾಡಿ ಬಂದವನು, ನನಗೆ ನೋವಾಗಿದೆ ಅಂತ ಮರ್ಯಾದೆಯಿಂದ ಬರೆದಿದ್ದಾನೆ. 2011ರಲ್ಲಿ ಮಿಸ್ಸೌರಿಯ ಇನ್ನೊಂದು ಶಾಲೆ ಪುಸ್ತಕ ತೆಗೆದುಹಾಕಿದಾಗ, ಇಲ್ಲಿನ ಲೈಬ್ರರಿಯವರು ಆ ಮಕ್ಕಳಿಗೆ 150 ಪ್ರತಿ ಪುಕ್ಕಟೆ ಕೊಡುತ್ತೇವೆ ಅಂದರು.

ಆದರೆ ಮೇಷ್ಟ್ರೇ, 'ಆಯ್ತು' ಬಗ್ಗೆ ನನಗೊಂದು ಅನುಮಾನ. ಟ್ರಾಲ್ಫಮಡೋರ್‌ನವರು ಹೇಳುವುದೇ ಬೇರೆ ಅಲ್ವಾ? ಅವರಿಗೆ ಹಿಂದೆ ಮುಂದೆ ಇಲ್ಲ, ಎಲ್ಲಾ ಕ್ಷಣಗಳೂ ಒಟ್ಟಿಗೇ ಇವೆ. ಹೆಣ ನೋಡಿದರೆ, ಈ ಮನುಷ್ಯ ಈ ಕ್ಷಣದಲ್ಲಿ ಸ್ವಲ್ಪ ಸರಿಯಿಲ್ಲ, ಬೇರೆ ಎಷ್ಟೋ ಕ್ಷಣಗಳಲ್ಲಿ ಚೆನ್ನಾಗಿದ್ದಾನೆ ಅನ್ನುತ್ತಾರೆ. ಅದಕ್ಕೇ ಇಂಗ್ಲಿಷಿನಲ್ಲಿ ಅದು ಮುಗಿದ ಕಾಲದಲ್ಲಿ ಇಲ್ಲ. 'ಆಯ್ತು' ಅಂದರೆ ಬಾಗಿಲು ಹಾಕಿದ ಹಾಗೆ. ನಮ್ಮ ಕಡೆ 'ಹಿಂಗ ಇರ್ತದ' ಅಂತೀವಿ. 'ಹೀಗೇ ಇರುತ್ತೆ' ಆಗಬಹುದಾ?

ಖಾರಾ_ಮಂಡಕ್ಕಿ

ಅಕ್ಕ ಹೇಳಿದ್ದಕ್ಕೆ ನನ್ನ ಓಟು. ಹಾರುವ ತಟ್ಟೆ ಬಗ್ಗೆ ಮಾತ್ರ ಯಾರೂ ಉತ್ತರ ಕೊಡಲಿಲ್ಲ.

ದಾವಣಗೆರೆ_ಮೇಷ್ಟ್ರು

ಸತ್ತವರ ಸಂಖ್ಯೆ ವಿಷಯದಲ್ಲಿ ನೀವು ಹೇಳಿದ್ದು ಸರಿ. ಆ ಕಾಲದಲ್ಲಿ ಓಡಾಡುತ್ತಿದ್ದ ಒಂದು ಪುಸ್ತಕದ ಅಂಕಿ ಅದು, ಅವನು ನಂಬಿ ಹಾಕಿದ. 25,000 ಅಂತಲೇ ಹೇಳಬೇಕು. ಅಗೆದವನಿಗೆ ಎಣಿಸುವ ಪುರುಸೊತ್ತು ಇರಲಿಲ್ಲ.

ಹಾರುವ ತಟ್ಟೆಗೆ ಉತ್ತರ ಪುಸ್ತಕದಲ್ಲೇ ಇದೆ. ಯುದ್ಧದಿಂದ ಬಂದ ಹೀರೋ ಬಿಲ್ಲಿ ಪಿಲ್‌ಗ್ರಿಮ್ ಮಾನಸಿಕ ಆಸ್ಪತ್ರೆ ಸೇರುತ್ತಾನೆ. ಪಕ್ಕದ ಮಂಚದವನ ಹತ್ತಿರ ಅಗ್ಗದ ವೈಜ್ಞಾನಿಕ ಕಾದಂಬರಿಗಳ ರಾಶಿ. ಅಲ್ಲಿ ಓದಿದ್ದೇ ಆಮೇಲೆ ಅವನ ತಲೆಯಲ್ಲಿ ಗ್ರಹವಾಗಿ ಬರುತ್ತದೆ ಅಂತ ಓದಿದರೂ ಓದಬಹುದು. ತಪ್ಪಿಸಿಕೊಂಡವನು ಬಿಲ್ಲಿ. ಬರೆದವನು ಅದನ್ನು ದೂರ ನಿಂತು ತೋರಿಸುತ್ತಿದ್ದಾನೆ. ನೀವು ಮೂರನೇ ಸಲ ಶುರು ಮಾಡಿದರೆ, ಬಿಲ್ಲಿ ಯುದ್ಧದ ಸಿನಿಮಾವನ್ನು ಹಿಂದುಮುಂದಾಗಿ ನೋಡುವ ಜಾಗದ ತನಕ ಹೋಗಿ. ಉರಿಯುವ ಊರಿನಿಂದ ವಿಮಾನಗಳು ಬೆಂಕಿಯನ್ನು ಹೀರಿಕೊಂಡು ಡಬ್ಬಿಗಳಲ್ಲಿ ತುಂಬಿಸಿಕೊಳ್ಳುತ್ತವೆ. ಡಬ್ಬಿಗಳು ಅಮೆರಿಕದ ಕಾರ್ಖಾನೆಗೆ ವಾಪಸ್ಸು ಹೋಗುತ್ತವೆ. ಅಲ್ಲಿ ಹೆಂಗಸರು ಹಗಲೂ ರಾತ್ರಿ ಅವನ್ನು ಬಿಚ್ಚುತ್ತಾರೆ. ಒಳಗಿದ್ದ ಖನಿಜವನ್ನು ದೂರದ ಊರುಗಳಿಗೆ ಕಳಿಸಿ, ಯಾರಿಗೂ ಸಿಗದ ಹಾಗೆ ಮಣ್ಣಲ್ಲಿ ಹೂಳುತ್ತಾರೆ. ಒಂದೇ ಒಂದು ಪುಟ. ಅದನ್ನು ಓದಿ ನಾನು ಆ ದಿನ ಎರಡನೇ ಪೀರಿಯಡ್ಡಿಗೆ ಹತ್ತು ನಿಮಿಷ ತಡವಾಗಿ ಹೋದೆ.

ಅಕ್ಕಾ, ನಿಮ್ಮದು ಗಟ್ಟಿ ಪ್ರಶ್ನೆ. ಎರಡು ದಿನ ಯೋಚಿಸಿದೆ. ಟ್ರಾಲ್ಫಮಡೋರ್ ಮಾತು ಬರುವುದು ಎರಡನೇ ಅಧ್ಯಾಯದಲ್ಲಿ, ಬಿಲ್ಲಿ ಬಾಯಲ್ಲಿ. ಮೊದಲ ಅಧ್ಯಾಯದಲ್ಲಿ ಬಿಲ್ಲಿಯ ಕಥೆ ಇನ್ನೂ ಶುರುವೇ ಆಗಿಲ್ಲ. ಅಲ್ಲಿ ಆ ಮಾತು ಹೇಳುವವನು ವಾನೆಗಟ್. ಅಧ್ಯಾಯ ಮುಗಿಯುವುದು ಬೈಬಲ್ಲಿನ ಲೋಟ ಅನ್ನುವವನ ಹೆಂಡತಿಯ ಕಥೆಯಿಂದ. ಊರು ಉರಿಯುತ್ತಿದೆ, ತಿರುಗಿ ನೋಡಬೇಡ ಅಂತ ಹೇಳಿದ್ದಾರೆ, ಅವಳು ತಿರುಗಿ ನೋಡಿದಳು, ಉಪ್ಪಿನ ಕಂಬ ಆದಳು. ಅದಕ್ಕೇ ಅವಳು ನನಗೆ ಇಷ್ಟ ಅನ್ನುತ್ತಾನೆ. ಹಿಂದೆ ಮುಂದೆ ಇಲ್ಲದವರು ತಿರುಗಿ ನೋಡುವುದು ಎಲ್ಲಿಂದ ಬಂತು? ತಿರುಗಿ ನೋಡಿದವನಿಗೆ ಕಾಣುವುದು ಆಗಿಹೋದದ್ದೇ. ಅದಕ್ಕೆ ಈ ಅಧ್ಯಾಯಕ್ಕೆ 'ಆಯ್ತು' ಸಾಕು ಅಂತ ನನಗನಿಸುತ್ತದೆ. ಬಿಲ್ಲಿ ಬಂದ ಮೇಲೆ ನೀವು ಹೇಳಿದ್ದು ಸರಿ ಹೋದರೂ ಹೋಗಬಹುದು. ಆದರೆ ಒಂದೇ ಮಾತಿಗೆ ಎರಡು ಕನ್ನಡ ಇಟ್ಟರೆ 106 ಸಲ ಬಡಿಯುವ ಗಂಟೆ ಒಡೆದ ಹಾಗೆ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಪುಟ_ಮಡಚಿದವಳು

ಓದಿ ಬಂದೆ. ನಿನ್ನೆ ಭಾನುವಾರ, ನಮ್ಮದೇ ಮನೆಯಲ್ಲಿ. ಆರು ಜನ ಇದ್ದರು. ಚಕ್ಕುಲಿ ಬದಲು ಕೋಡುಬಳೆ.

ಪರಿಚಯದಲ್ಲಿ ಅಣ್ಣ ತಮ್ಮನ ಮಳೆ ಕಥೆ ಹೇಳಿದೆ. ಒಬ್ಬರು 2017ರಲ್ಲಿ ಪೇಪರಲ್ಲಿ ಓದಿದ್ದು ನೆನಪಿಸಿಕೊಂಡು, 'ನಮ್ಮ ಊರಿಗಂತೂ ಒಂದು ಹನಿ ಬರಲಿಲ್ಲ' ಅಂದರು. ಆರು ಮಕ್ಕಳ ವಿಷಯ ಬಂದಾಗ ಅಜ್ಜಿ ಕೇಳಿದ್ದು ಒಂದೇ, 'ಹೆಂಡ್ತಿ ಏನಂದ್ಲಂತೆ?' ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮಲ್ಲಿ ಯಾರೂ ಅದನ್ನು ಹೇಳಿಲ್ಲ, ಗಮನಿಸಿದಿರಾ.

'ಅದೂ ಆಯ್ತು' ಹಾಕಿದೆ. ಇಂಡಿಯಾನಾ ಅಕ್ಕ, ಕ್ಷಮಿಸಿ, 'ಹೀಗೇ ಇರುತ್ತೆ' ಕೂಡ ಗಟ್ಟಿಯಾಗಿ ಓದಿ ನೋಡಿದೆ. ನನ್ನ ಬಾಯಲ್ಲಿ ಅದು ಬುದ್ಧಿ ಹೇಳಿದ ಹಾಗೆ ಬರುತ್ತಿತ್ತು. ನಿಮ್ಮ ಕಡೆಯ ದನಿ ಇದ್ದಿದ್ದರೆ ಬೇರೆ ಆಗುತ್ತಿತ್ತೋ ಏನೋ.

ಡ್ರೈವರ್‌ನ ತಾಯಿಯ ಸಾಲು ಬಂದಾಗ ಯಾರೂ ಏನೂ ಅನ್ನಲಿಲ್ಲ. ಆಮೇಲೆ ಲಿಫ್ಟ್ ಜಾಗ. ಷಿಕಾಗೊದಲ್ಲಿ ವಾನೆಗಟ್ ವರದಿಗಾರನಾಗಿದ್ದಾಗ ಬರೆದ ಮೊದಲ ಸುದ್ದಿ ಅದು. ಯುದ್ಧದಿಂದ ವಾಪಸ್ಸು ಬಂದ ಹುಡುಗ ಹಳೇ ಕಟ್ಟಡದ ಲಿಫ್ಟ್ ನಡೆಸುತ್ತಾನೆ. ಬಾಗಿಲಿಗೆ ಕಬ್ಬಿಣದ ಹೂಬಳ್ಳಿ. ಮದುವೆ ಉಂಗುರ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಲಿಫ್ಟ್ ಕೆಳಗೆ ಹೋಗುತ್ತದೆ, ಇವನು ನೇತಾಡುತ್ತಾ ಮೇಲೆಯೇ ಉಳಿಯುತ್ತಾನೆ, ಲಿಫ್ಟಿನ ಮಾಡು ಬಂದು ಜಜ್ಜುತ್ತದೆ. 'ಅದೂ ಆಯ್ತು' ಅಂದೆ. ಒಬ್ಬರು ಫಕ್ಕನೆ ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡರು. ಆಫೀಸಿನ ಹೆಂಗಸು ಚಾಕೊಲೇಟ್ ತಿನ್ನುತ್ತಾ, ನೋಡಿದಾಗ ನಿಂಗೆ ಏನೂ ಅನ್ನಿಸಲಿಲ್ಲವಾ ಅಂತ ಕೇಳುವಷ್ಟರಲ್ಲಿ ಅಜ್ಜಿ ಕೈಯಲ್ಲಿದ್ದ ಕೋಡುಬಳೆ ತಟ್ಟೆಗೆ ಇಟ್ಟರು. ಮೇಷ್ಟ್ರೇ, ಅಜ್ಜಿ ಕೆಳಗಿಟ್ಟಿದ್ದು ಅಲ್ಲಿ.

ಕೊನೆಗೆ ಉಪ್ಪಿನ ಕಂಬ. ಅವಳು ತಿರುಗಿ ನೋಡಿದಳು, ಉಪ್ಪಿನ ಕಂಬವಾದಳು ಎಂದು ಓದಿ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದೆ. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಮೆಲ್ಲಗೆ 'ಅದೂ ಆಯ್ತು' ಅಂದರು. ನಾನು ಆ ಸಾಲು ಓದದೆ ಮುಂದಕ್ಕೆ ಹೋದೆ.

ಮುಂದಿನ ತಿಂಗಳಿಗೂ ನನ್ನನ್ನೇ ಒಪ್ಪಿಸಿದ್ದಾರೆ. ಎರಡನೇ ಅಧ್ಯಾಯ. 'ಕೇಳಿ' ಅಂತ ಶುರು. ಆಮೇಲೆ ಬಿಲ್ಲಿ ಪಿಲ್‌ಗ್ರಿಮ್ ಕಾಲದಿಂದ 'ಅನ್‌ಸ್ಟಕ್' ಆಗಿದ್ದಾನೆ ಅಂತ. 'ಬೇರ್ಪಟ್ಟ' ಅಂದರೆ ಡೈವೋರ್ಸ್ ಆದ ಹಾಗಿದೆ. 'ಕಾಲಾತೀತ' ಅಂದರೆ ಸ್ವಾಮೀಜಿ. ಏನನ್ನಲಿ?

ದಾವಣಗೆರೆ_ಮೇಷ್ಟ್ರು

ಸೈಕಲ್ ಹೊಡೆಯುವಾಗ ಚೈನ್ ಕಳಚುತ್ತಲ್ಲ, ಪೆಡಲ್ ಸುಮ್ನೆ ಗರಗರ ತಿರುಗುತ್ತೆ, ಗಾಡಿ ಇಳಿಜಾರು ಕಂಡ ಕಡೆ ಹೋಗುತ್ತೆ. 'ಬಿಲ್ಲಿ ಕಾಲದಿಂದ ಕಳಚಿಕೊಂಡಿದ್ದಾನೆ' ಅಂತ ಹಾಕಿ, ಗಟ್ಟಿಯಾಗಿ ಒಂದು ಸಲ ಓದಿ ನೋಡು. ಮತ್ತೆ 'ಕೇಳಿ' ಬೇಡ, ಅಜ್ಜಿ ಇದ್ದಾರೆ ಅಂತ ಮರ್ಯಾದೆ ಕೊಡಲು ಹೋಗಬೇಡ. 'ಕೇಳಿಲ್ಲಿ' ಅನ್ನು.

ಆರು ಮಕ್ಕಳನ್ನು ಸಾಕಿದ ಹೆಂಡತಿಯ ಹೆಸರು ಜೇನ್. ಇಷ್ಟುದ್ದ ಬರೆದರೂ ಅವಳ ಹೆಸರು ಬರೆದಿರಲಿಲ್ಲ. ಅಜ್ಜಿಗೆ ಹೇಳು.